ಸವಣೂರಿನ ದೊಡ್ಡ ಹುಣಸೆ: ಗುರುತು ಮತ್ತು ಸಸಿ ಮಾಡುವ ಕ್ರಮ

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡ ಹುಣಸೆಯ ಕಲ್ಮಠವು ಪ್ರಸಿದ್ಧವಾದುದು. ಅಲ್ಲಿಯ ಮೂರು ಮಹಾವೃಕ್ಷಗಳಿಂದಲೇ ಮಠಕ್ಕೆ ಈ ಹೆಸರು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿಬಿದ್ದಿತು. ಅದನ್ನು ಎತ್ತಿ ಮರಳಿ ನೆಡಲಾಯಿತು. ಎಷ್ಟೇ ಪುರಾತನವಾದ ಮರಕ್ಕೂ ಇಂಥ ಆಪತ್ತು ಬರಬಹುದು. ಆದುದರಿಂದ ಮರಗಳು ನಿಂತಿರುವಾಗಲೇ ಅವುಗಳ ಸಂತತಿಯನ್ನು ಬೆಳೆಸುವುದು ಅವಶ್ಯವಾಗಿದೆ. ಹೊಸರಿತ್ತಿ ಮೊದಲಾದ ವರದಾ ತೀರದ ಗ್ರಾಮಗಳ ಗೌಡರೂ ಜಮೀನುದಾರರೂ ಇದಕ್ಕೆ ಮನಸ್ಸು ಕೊಡಬೇಕು.

ಗುರುತು.— ಹೆಸರು ಹುಣಸೆಯಾದರೂ ಇದು ಹುಣಸೆಯ ಜಾತಿಯದಲ್ಲ, ಬೂರುಗದ ಬಳಗದ್ದು. ಇದರ ಮೂಲಸ್ಥಾನ ಆಫ್ರಿಕಾ ಖಂಡ. ಬೊಡ್ಡೆಯು ಕಣಜದಂತೆ ಉಬ್ಬಿರುವುದು. ಕೊಂಬೆಗಳು ದಪ್ಪವಾಗಿ ಸೊಟ್ಟಸೊಟ್ಟಾಗಿ ಹಬ್ಬುವವು. ಬೇಸಿಗೆಯಲ್ಲಿ ಎಲೆಯುದುರಿದಾಗ ಬೇರು ಮೇಲಾಗಿ ನೆಟ್ಟ ಮರದಂತೆ ಕಾಣುವುದು. ಒಂದು ತೊಟ್ಟಿಗೆ ಐದರಿಂದ ಏಳು ಎಲೆಗಳು ಅಂಗೈಯ ಬೆರಳುಗಳಂತೆ ಹರಡಿರುತ್ತವೆ. ಬಿಳಿಯ ದೊಡ್ಡ ಹೂವು ಜೋತುಬಿದ್ದು ರಾತ್ರಿ ಅರಳುವುದು. ಕಾಯಿಯ ಮೇಲೆ ಮಖಮಲ್ಲಿನಂಥ ರೋಮವಿದ್ದು, ಒಳಗಿನ ತಿರುಳು ಹುಳಿಯಾಗಿರುವುದು.

ಬೀಜದ ಸಂಸ್ಕಾರ.— ಒಣಗಿ ತಾನಾಗಿ ಬಿದ್ದ ಕಾಯನ್ನು ಒಡೆದು, ತಿರುಳನ್ನು ನೀರಿನಲ್ಲಿ ನೆನೆಯಿಸಿ ಬೀಜವನ್ನು ತೊಳೆಯಬೇಕು. ಬೀಜದ ಸಿಪ್ಪೆ ಬಹು ಗಟ್ಟಿ. ಅದನ್ನು ಒಂದು ಮಗ್ಗುಲಲ್ಲಿ ಅರದಿಂದ ತುಸು ಉಜ್ಜಿ, ಒಂದು ಹಗಲು ಒಂದು ರಾತ್ರಿ ಬೆಚ್ಚನೆಯ ನೀರಿನಲ್ಲಿಡತಕ್ಕದ್ದು. ಬಳಿಕ ಮರಳು, ಕೆಮ್ಮಣ್ಣು, ಹಳೆಯ ಗೊಬ್ಬರ ತುಂಬಿದ ಚೀಲದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಬೇಕು. ಎಲ್ಲ ಬೀಜಗಳೂ ಒಮ್ಮೆಗೇ ಮೊಳೆಯುವುದಿಲ್ಲ; ಕೆಲವು ಬಹಳ ತಡಮಾಡುವವು. ನೀರು ನಿಂತರೆ ಬೇರು ಕೊಳೆಯುವುದು.

ಎಳೆಯ ಸಸಿಯ ಮೊದಲ ಎಲೆಗಳು ಬಿಡಿಬಿಡಿಯಾಗಿದ್ದು, ಬೆರಳಿನಾಕಾರವು ಆಮೇಲೆ ಬರುವುದು. ಇದನ್ನರಿಯದೆ ಕಳೆಯೆಂದು ಕಿತ್ತುಹಾಕಬಾರದು. ಅಂತೆಯೇ ಬೇಸಿಗೆಯಲ್ಲಿ ಎಲೆ ಉದುರಿದ ಸಸಿಯು ಸತ್ತಿತೆಂದು ಎಸೆಯಬಾರದು.

ನಾಟಿ.— ಸಸಿಯು ಮೊಳದೆತ್ತರವಾದ ಮೇಲೆ ಮೃಗಶಿರಾ ಮಳೆಯಲ್ಲಿ ನೆಡುವುದು ಉತ್ತಮ. ನೀರು ಬಸಿದುಹೋಗುವ ಮಸಾರಿ ಭೂಮಿ ಯೋಗ್ಯ. ಎರೆಭೂಮಿಯಾದರೆ ದಿಬ್ಬ ಮಾಡಿ ನೆಡಬೇಕು. ಬೇರು ದೂರ ಹರಿಯುವುದರಿಂದ ಮನೆಗೂ ಬಾವಿಗೂ ಸಮೀಪ ನೆಡಲಾಗದು. ಆಡು-ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿಸಬೇಕು.

ಕೊಂಬೆ ನೆಟ್ಟೂ ಸಸಿ ಮಾಡುವುದುಂಟು. ಆದರೆ ಸವಣೂರಿನ ಮರಗಳಿಗೆ ಕೊಡಲಿ ತಾಗಿಸಲೇಬಾರದು. ಗಾಯದ ಮೂಲಕ ಮೆದುವಾದ ಕಟ್ಟಿಗೆಯೊಳಗೆ ಕೊಳೆ ಸೇರುವುದು. ಮಠದವರ ಅನುಮತಿ ಪಡೆದು ಬಿದ್ದ ಕಾಯಿಗಳನ್ನಷ್ಟೇ ಆಯ್ದು ತಂದು, ಗ್ರಾಮದ ಗಾಂವಠಾಣದಲ್ಲಾಗಲಿ ಗುಡಿಯ ಬಯಲಿನಲ್ಲಾಗಲಿ ಎರಡೆರಡು ಸಸಿಗಳನ್ನು ಬೆಳೆಸಿದರೆ, ಈ ಅಪೂರ್ವ ವೃಕ್ಷದ ವಂಶವು ಮೂರೇ ಮರಗಳನ್ನು ನೆಚ್ಚಿಕೊಂಡಿರಬೇಕಾಗುವುದಿಲ್ಲ.