ಕಾಲ್ಟನ್ ಗುಡ್ಡದ ಕಿಚ್ಚು

ಏಪ್ರಿಲ್ 30ರಂದು ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಆಸುಪಾಸಿಗೆ. ಅಷ್ಟರಲ್ಲಿ ಸಾವಿರಾರು ಜನ ಊರ ನಡುವಿನ ಕಾಲ್ಟನ್ ಗುಡ್ಡ ಹತ್ತಿ ನಿಂತಿರುತ್ತಾರೆ. ಗುಡ್ಡದ ನೆತ್ತಿಯಲ್ಲಿ ಹನ್ನೆರಡು ಭಾರೀ ಕಲ್ಲುಕಂಬಗಳಿವೆ. ನೆಪೋಲಿಯನ್ ಯುದ್ಧಗಳಲ್ಲಿ ಮಡಿದವರಿಗಾಗಿ ಅಥೆನ್ಸ್‌ನ ಪಾರ್ಥೆನಾನ್ ಮಾದರಿಯ ಸ್ಮಾರಕ ಕಟ್ಟಲು 1826ರಲ್ಲಿ ಹೊರಟವರು 1829ಕ್ಕೆ ದುಡ್ಡು ಸಾಲದೆ ಕೈಚೆಲ್ಲಿದರು. ಊರಿನವರೇ ‘ಎಡಿನ್‌ಬರ್ಗ್‌ನ ಅವಮಾನ’ ಎಂದು ಹಂಗಿಸುತ್ತ ಬಂದ ಈ ಕಂಬಗಳ ಬಳಿ ಡೋಲುಗಳು ಮೊಳಗುತ್ತವೆ, ಬಿಳಿಯುಡುಗೆಯ ಮೇ ರಾಣಿ ಕಾಣಿಸಿಕೊಳ್ಳುತ್ತಾಳೆ. ಬೆಲ್ಟೇನ್ ಅಗ್ನಿ ಉತ್ಸವ ಶುರುವಾಗುವುದು ಹೀಗೆ.

ರಾಣಿಯ ಹಿಂದೆ ಹಸಿರು ಮನುಷ್ಯ, ಸುತ್ತ ಬಿಳಿಯುಡುಗೆಯ ಸಖಿಯರು. ಪಂಜಿನ ಮೆರವಣಿಗೆ ಬೆಂಕಿಯ ಕಮಾನು ದಾಟಿ ಗುಡ್ಡ ಸುತ್ತುತ್ತದೆ. ಮೈಗೆಲ್ಲ ಕೆಂಪು ಬಳಿದುಕೊಂಡ ತುಂಟರ ಪಡೆ ದಾರಿಗೆ ಅಡ್ಡ ಬರುತ್ತದೆ. ಹಸಿರು ಮನುಷ್ಯ ಆಸೆ ತಡೆಯಲಾರದೆ ರಾಣಿಯನ್ನು ಮುಟ್ಟುತ್ತಾನೆ. ಸಖಿಯರು ಅವನನ್ನು ಕೊಲ್ಲುತ್ತಾರೆ. ಚಳಿಗಾಲದ ವೇಷ ಕಳಚಿಕೊಂಡು ಅವನು ಮತ್ತೆ ಹುಟ್ಟುತ್ತಾನೆ. ಆಮೇಲೆ ದೊಡ್ಡ ಕಿಚ್ಚು, ಕುಣಿತ. ಮಾತು ಕಡಿಮೆ, ಡೋಲು ಹೆಚ್ಚು. ಚಳಿಗಾಲ ಸತ್ತು ಬೇಸಿಗೆ ಬಂತು ಎನ್ನುವುದಷ್ಟೇ ಇದರ ಕಥೆ.

ನೋಡಿದವರಿಗೆ ಇದೆಲ್ಲ ಸಾವಿರಾರು ವರ್ಷಗಳಿಂದ ನಡೆದುಬಂದದ್ದು ಅನ್ನಿಸದೆ ಇರದು. ಆದರೆ ಈ ಉತ್ಸವ ಮೊದಲು ನಡೆದದ್ದು 1988ರಲ್ಲಿ.

ಬೆಲ್ಟೇನ್ ಎಂಬ ಹಬ್ಬ ಮಾತ್ರ ನಿಜಕ್ಕೂ ಹಳೆಯದು. ಕ್ರಿ.ಶ. 900ರ ಸುಮಾರಿನ, ಕಾರ್ಮಾಕ್ ಎಂಬ ಬಿಷಪ್-ದೊರೆಯ ಹೆಸರಿನಲ್ಲಿರುವ ಐರಿಷ್ ನಿಘಂಟೊಂದು ಇದನ್ನು ಹೆಸರಿಸುತ್ತದೆ. ಡ್ರೂಯಿಡ್ ಪುರೋಹಿತರು ಎರಡು ಕಿಚ್ಚು ಹೊತ್ತಿಸಿ, ರೋಗ ತಟ್ಟದಿರಲೆಂದು ದನಗಳನ್ನು ಅವುಗಳ ನಡುವೆ ಓಡಿಸುತ್ತಿದ್ದರಂತೆ. ಸಂಕ್ರಾಂತಿಯಂದು ಕಿಚ್ಚು ಹಾಯಿಸುವುದನ್ನು ಕಂಡ ಮಂಡ್ಯ, ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಎರಡಕ್ಕೂ ನಂಟು ಹುಡುಕಬೇಕಾಗಿಯೂ ಇಲ್ಲ. ದನ ಸಾಕುವವರ ಭಯ ಎಲ್ಲ ಕಡೆಯೂ ಒಂದೇ. ಐರ್ಲೆಂಡ್, ಸ್ಕಾಟ್ಲೆಂಡಿನ ದನಗಾಹಿಗಳು ಮೇ ತಿಂಗಳಲ್ಲಿ ಮಂದೆಯನ್ನು ಗುಡ್ಡದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಬೇಸಿಗೆಯೆಲ್ಲ ಅಲ್ಲೇ. ಹೊರಡುವ ಮುನ್ನ ಬೆಂಕಿಯ ರಕ್ಷೆ.

1769ರಲ್ಲಿ ಸ್ಕಾಟ್ಲೆಂಡ್ ಸುತ್ತಿದ ಥಾಮಸ್ ಪೆನಂಟ್ ಬರೆದಿಟ್ಟ ವಿವರ ಈ ಹಬ್ಬದ ಬಗ್ಗೆ ಸಿಗುವ ಚೆಂದದ ದಾಖಲೆಗಳಲ್ಲೊಂದು. ಗುಡ್ಡಗಾಡಿನ ದನಗಾಹಿಗಳು ನೆಲದಲ್ಲಿ ಚೌಕಾಕಾರದ ಕಾಲುವೆ ತೋಡಿ, ನಡುವೆ ಉಳಿದ ಹುಲ್ಲುನೆಲದ ಮೇಲೆ ಬೆಂಕಿ ಹಾಕಿ, ಮೊಟ್ಟೆ, ಬೆಣ್ಣೆ, ಓಟ್ಸ್ ಹಿಟ್ಟು, ಹಾಲು ಬೆರೆಸಿ ಗಂಜಿ ಕಾಯಿಸುತ್ತಿದ್ದರು. ಮೊದಲ ಪಾಲು ನೆಲಕ್ಕೆ. ಆಮೇಲೆ ಪ್ರತಿಯೊಬ್ಬನ ಕೈಗೂ ಒಂಬತ್ತು ಗುಬುಟುಗಳಿರುವ ಓಟ್ಸ್ ರೊಟ್ಟಿ. ಬೆಂಕಿಗೆ ಮುಖ ಮಾಡಿ ಒಂದೊಂದೇ ಗುಬುಟು ಮುರಿದು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವುದು: ಕುದುರೆ, ಕುರಿ ಕಾಯುವ ಶಕ್ತಿಗೊಂದು; ಕುರಿಮರಿ ಬಿಟ್ಟುಬಿಡು ಎಂದು ನರಿಗೊಂದು, ಕಾಗೆಗೊಂದು, ಹದ್ದಿಗೊಂದು. ಕಾಯುವವನಿಗೂ ಪಾಲು, ಕದಿಯುವವನಿಗೂ ಪಾಲು! ಉಳಿದ ಗಂಜಿ, ಬಿಯರು, ವಿಸ್ಕಿ ಇವರ ಹೊಟ್ಟೆಗೆ. 1790ರ ದಶಕದಲ್ಲಿ ಕ್ಯಾಲಂಡರ್ ಊರಿನ ಪಾದ್ರಿ ಬರೆದ ವರದಿಯಲ್ಲಿ ಆಟವೇ ಬೇರೆ. ಅಲ್ಲಿ ಹುಡುಗರು ರೊಟ್ಟಿಯ ಒಂದು ತುಂಡಿಗೆ ಮಸಿ ಬಳಿದು ಎಲ್ಲ ತುಂಡುಗಳನ್ನೂ ಟೋಪಿಗೆ ಹಾಕುತ್ತಿದ್ದರು. ಕಣ್ಣು ಕಟ್ಟಿಕೊಂಡು ತೆಗೆದಾಗ ಕಪ್ಪು ತುಂಡು ಬಂದವನು ಮೂರು ಸಲ ಬೆಂಕಿ ಹಾರಬೇಕು. ಇದು ಹಿಂದಿನ ನರಬಲಿಯ ಕುರುಹು ಎಂದು ಪಾದ್ರಿಯ ಊಹೆ.

ಈ ಹಳ್ಳಿ ಆಚರಣೆ 19ನೇ ಶತಮಾನದಲ್ಲಿ ಕ್ಷೀಣಿಸಿತು. ಅದನ್ನು 1988ರಲ್ಲಿ ನಗರಕ್ಕೆ ತಂದವರು ಟೆಸ್ಟ್ ಡಿಪಾರ್ಟ್‌ಮೆಂಟ್ ಎಂಬ ಸಂಗೀತ ತಂಡದ ಆಂಗಸ್ ಫಾರ್ಕರ್. ಕಬ್ಬಿಣದ ಗುಜರಿ ಬಡಿದು ಸಂಗೀತ ಮಾಡುತ್ತಿದ್ದ ತಂಡ ಅದು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸ್ಕಾಟಿಷ್ ಅಧ್ಯಯನ ವಿಭಾಗದ ಜಾನಪದ ವಿದ್ವಾಂಸರು ಜೊತೆಗೂಡಿದರು. ಹಳೆಯ ಕಿಚ್ಚಿಗೆ ಮೇ ರಾಣಿಯನ್ನೂ ಹಸಿರು ಮನುಷ್ಯನನ್ನೂ ಸೇರಿಸಿದ್ದು ಈ ಹೊಸಬರೇ. ‘ಹಸಿರು ಮನುಷ್ಯ’ ಎಂಬುದಂತೂ ಚರ್ಚುಗಳ ಕಲ್ಲಿನಲ್ಲಿ ಕೆತ್ತಿದ ಎಲೆಮುಖಗಳಿಗೆ 1939ರಲ್ಲಿ ಲೇಡಿ ರಾಗ್ಲನ್ ತಮ್ಮ ಲೇಖನವೊಂದರಲ್ಲಿ ಇಟ್ಟ ಹೆಸರು.

ಕ್ರೈಸ್ತಪೂರ್ವ ಯುರೋಪಿನ ನಂಬಿಕೆಗಳತ್ತ ಮರಳಿರುವ ಇಂದಿನ ಪೇಗನ್ನರ ಪಂಚಾಂಗದ ಕಥೆಯೂ ಇಂಥದ್ದೇ. ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ ಎಂಬ ನಾಲ್ಕು ಹಬ್ಬ ಹಳೆಯ ಐರಿಷ್ ಬರಹಗಳಲ್ಲಿವೆ. ಇವಕ್ಕೆ ಎರಡು ಅಯನ ಸಂಕ್ರಾಂತಿ, ಎರಡು ವಿಷುವ ದಿನ ಕೂಡಿಸಿ ಎಂಟು ಹಬ್ಬಗಳ ‘ವರ್ಷಚಕ್ರ’ ಮಾಡಿದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ಮಾಟಮಂತ್ರದ ಹಳೆಯ ಕಾಯ್ದೆ 1951ರಲ್ಲಿ ರದ್ದಾದ ಮೇಲೆ ವಿಕ್ಕಾ ಎಂಬ ಪೇಗನ್ ಪಂಥವನ್ನು ಬಹಿರಂಗಕ್ಕೆ ತಂದ ಜೆರಾಲ್ಡ್ ಗಾರ್ಡ್ನರ್, ಆಧುನಿಕ ಡ್ರೂಯಿಡ್ ಪಂಥದ ರಾಸ್ ನಿಕೋಲ್ಸ್ ಇದರ ಹಿಂದಿದ್ದವರು. ಶರದ್ ವಿಷುವಕ್ಕೆ ‘ಮಾಬನ್’ ಎಂದು ಅಮೆರಿಕದ ಏಡನ್ ಕೆಲ್ಲಿ ಹೆಸರಿಟ್ಟದ್ದು 1970ರ ದಶಕದಲ್ಲಿ. ಪ್ರಾಚೀನರು ಯಾರೂ ಈ ಎಂಟನ್ನೂ ಒಟ್ಟಿಗೆ ಆಚರಿಸಿದ್ದಕ್ಕೆ ಪುರಾವೆಯಿಲ್ಲ ಎನ್ನುವುದನ್ನು ಇತಿಹಾಸಕಾರ ರೊನಾಲ್ಡ್ ಹಟನ್ ವಿವರವಾಗಿ ತೋರಿಸಿದ್ದಾರೆ. ಅದರಿಂದ ಆಚರಣೆಯೇನೂ ನಿಂತಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಾವು ಪೇಗನ್ ಎಂದು ಬರೆಸಿದರು. ಆಸ್ಟ್ರೇಲಿಯದ ಅನೇಕ ಪೇಗನ್ನರು ತಮ್ಮ ಋತುವಿಗೆ ಹೊಂದುವಂತೆ ಬೆಲ್ಟೇನನ್ನು ನವೆಂಬರಿಗೆ ಒಯ್ದಿದ್ದಾರೆ. ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್‌ನಲ್ಲಿ ಜೂನ್ ಅಯನ ಸಂಕ್ರಾಂತಿಯ ಸೂರ್ಯೋದಯ ನೋಡಲು 2000ರಿಂದ ಎಲ್ಲರಿಗೂ ಬಾಗಿಲು ತೆರೆದಿದೆ.

ಇವುಗಳಲ್ಲೆಲ್ಲ ನನಗೆ ಎಡಿನ್‌ಬರ್ಗ್‌ನದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಉತ್ಸವ ನಡೆಸುವ ಬೆಲ್ಟೇನ್ ಫೈರ್ ಸೊಸೈಟಿ ತಾನು ಮಾಡುತ್ತಿರುವುದು ಹಳೆಯದರ ನಕಲಲ್ಲ, ಇಂದಿನವರ ಹಬ್ಬ ಎಂದೇ ಹೇಳಿಕೊಳ್ಳುತ್ತದೆ. ಅದೊಂದು ಸೇವಾಸಂಸ್ಥೆ, ಸುಮಾರು 300 ಕಲಾವಿದರಲ್ಲಿ ಯಾರಿಗೂ ಸಂಭಾವನೆಯಿಲ್ಲ. ಭಾಗವಹಿಸಲು ಪೇಗನ್ ಆಗಿರಬೇಕಿಲ್ಲ. ವಾರಗಟ್ಟಲೆ ತಾಲೀಮಿಗೆ ಬಂದರೆ ಆಯಿತು. ಅಕ್ಟೋಬರ್ 31ಕ್ಕೆ ಇದೇ ಜನ ಸೌವಿನ್ ಆಚರಿಸಿ ಚಳಿಗಾಲವನ್ನು ಬರಮಾಡಿಕೊಳ್ಳುತ್ತಾರೆ. ಕೋವಿಡ್ ಕಾಲದಲ್ಲಿ ಎರಡು ವರ್ಷ ಗುಡ್ಡದ ಮೇಲೆ ಬೆಲ್ಟೇನ್ ಕಿಚ್ಚು ಹೊತ್ತಲಿಲ್ಲ, 2022ರಲ್ಲಿ ಮತ್ತೆ ಹೊತ್ತಿತು.

ಏಪ್ರಿಲ್ ಕೊನೆಯಲ್ಲಿ ಆ ಊರಲ್ಲಿರುವ ಯೋಗ ನಿಮಗಿದ್ದರೆ ವೇವರ್ಲಿ ರೈಲು ನಿಲ್ದಾಣದಿಂದ ಗುಡ್ಡಕ್ಕೆ ನಡೆದೇ ಹೋಗಬಹುದು. ಟಿಕೆಟ್ ಮೊದಲೇ ಕೊಂಡಿರಿ. ಹೆಸರಿಗಷ್ಟೇ ಅದು ಬೇಸಿಗೆಯ ಹಬ್ಬ, ಗುಡ್ಡದ ಮೇಲೆ ಗಾಳಿ ಕೊರೆಯುತ್ತದೆ, ಸ್ವೆಟರ್ ಮರೆಯಬೇಡಿ.