ಕುಳಿತು ಎಸೆಯುವವರ ಬಲ ಎಲ್ಲಿಂದ ಬರುತ್ತದೆ?

ಪ್ಯಾರಾ ಕ್ರೀಡಾಪಟುಗಳು ಕುಳಿತು ಗುಂಡು ಎಸೆಯುವಾಗ ಎಲ್ಲರೂ ಗುಂಡು ಹಿಡಿದ ಕೈಯನ್ನೇ ನೋಡುತ್ತಾರೆ. ನೋಡಬೇಕಾದದ್ದು ಇನ್ನೊಂದು ಕೈಯನ್ನು.

ನಿಂತು ಎಸೆಯುವವರಿಗೆ ಬಲ ನೆಲದಿಂದ ಹುಟ್ಟಿ ಕಾಲು, ಸೊಂಟ, ಬೆನ್ನು ಹಾದು ಅಂಗೈಗೆ ಬರುತ್ತದೆ. ಕಾಲು ಆಡದವರಿಗೆ ಆ ನೆಲದ ಕೆಲಸವನ್ನು ಆಸನ ಮಾಡಬೇಕು. ಅದು ವೃತ್ತದೊಳಗೆ ಪಟ್ಟಿಗಳಿಂದ ಬಿಗಿದ ಕಬ್ಬಿಣದ ಚೌಕಟ್ಟು. ಮೆತ್ತೆ ಸೇರಿ ಎತ್ತರ 75 ಸೆಂ.ಮೀ. ಮೀರುವಂತಿಲ್ಲ. ಮುಂದೊಂದು ನೆಟ್ಟಗಿನ ಕಂಬ. ಬಲಗೈಯವರು ಎಡಗೈಯಲ್ಲಿ ಕಂಬ ಹಿಡಿದು, ಹಿಂದಕ್ಕೆ ವಾಲಿ, ಎದೆ ತಿರುವಿ, ಆಮೇಲೆ ಅದನ್ನು ತಮ್ಮತ್ತ ಜಗ್ಗುತ್ತಾರೆ. ಕಂಬ ಅಲುಗದು, ಮೈಯೇ ಮುಂದಕ್ಕೆ ಬರುತ್ತದೆ. ಮೊದಲು ಎದೆ, ಹಿಂದೆಯೇ ಭುಜ, ಮೊಣಕೈ, ಕೊನೆಗೆ ಬೆರಳು. ಚೌಕಟ್ಟು ಬೆರಳಗಲ ಜಾರಿದರೂ ಬಲ ಅಲ್ಲೇ ಸೋರುತ್ತದೆ. ಎಸೆಯುವಾಗ ತೊಡೆ, ಕುಂಡೆ ಆಸನ ಬಿಟ್ಟೆದ್ದರೆ ಫೌಲ್.

ಮೈ ಎಷ್ಟು ಆಡುತ್ತದೋ ಅದರ ಮೇಲೆ ವರ್ಗ. ಎಫ್54ರವರಿಗೆ ತೋಳು ಗಟ್ಟಿ, ಮುಂಡದ ಹಿಡಿತವಿಲ್ಲ. ಎಫ್57ರವರು ಸೊಂಟದಿಂದಲೂ ಬಲ ಹಾಕಬಲ್ಲರು. 2016ರ ರಿಯೊದಲ್ಲಿ ಎಫ್53ರ ದೀಪಾ ಮಲಿಕ್ ಬೆಳ್ಳಿ ಗೆದ್ದದ್ದು 4.61 ಮೀಟರಿಗೆ. ಎದೆಯಿಂದ ಕೆಳಗೆ ಸ್ವಾಧೀನವಿಲ್ಲದವರಿಗೆ ಅದು ದೊಡ್ಡ ಎಸೆತ. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಗುಂಡು, ಡಿಸ್ಕಸ್, ಜಾವೆಲಿನ್ ಮೂರನ್ನೂ ಎಸೆದವರು; 2001ರಲ್ಲಿ ಪದ್ಮಶ್ರೀ ಬಂತು.

ಕೋನದ ಚಿಂತೆ ಆಮೇಲೆ ಇರಲಿ. ಒಂದೂವರೆ ಮೀಟರ್ ಎತ್ತರದಿಂದ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಿಟ್ಟ ಗುಂಡಿಗೆ ಸರಿಯಾದ ಕೋನ ಸುಮಾರು 40 ಡಿಗ್ರಿ, ದೂರ 7.9 ಮೀಟರ್. 45 ಡಿಗ್ರಿಗೆ ಎಸೆದರೆ ನಷ್ಟ 10 ಸೆಂ.ಮೀ. ಮಾತ್ರ. ವೇಗ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಲಾಭ ಸುಮಾರು 1.4 ಮೀಟರ್! ಆ ವೇಗ ಕೊಡುವುದು ಅಲುಗದ ಆಸನ.

ತುಂಗಭದ್ರೆಯ ದಂಡೆಯ ಚೀಕಲಪರ್ವಿಯಂಥ ಊರಲ್ಲೂ ಇಂಥ ಆಸನ ಮಾಡಿಸುವುದು ಆಗದ ಕೆಲಸವಲ್ಲ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಟ್ರೇಲರ್ ರಿಪೇರಿ ಮಾಡುವ ಒಳ್ಳೆಯ ವೆಲ್ಡರ್ ಸಾಕು. ಎರೆನೆಲ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವುದರಿಂದ ಆಸನ ಬಿಗಿಯಲು ಗೂಟ ನಂಬಬೇಡಿ. ಕಾಂಕ್ರೀಟಿನಲ್ಲಿ ಕೊಂಡಿ ಕೂರಿಸಿ. ಬೆಸುಗೆಯ ಚೂಪು ಉಜ್ಜಿಸಿ, ಸ್ಪರ್ಶ ತಿಳಿಯದ ತೊಡೆಗೆ ತಾಗಿದರೆ ಹುಣ್ಣಾಗುತ್ತದೆ. ದೈಹಿಕ ಶಿಕ್ಷಕರೇ, ಮಗುವನ್ನು ಕೂರಿಸಿ, ತೋಳು ಚಾಚಿಸಿ, ಅಳತೆ ಹಿಡಿದ ಮೇಲೆಯೇ ಕಂಬ ಬೆಸೆಸಿ.