ಪಪುನ್ಯಾ ಶಾಲೆಯ ಗೋಡೆಯ ಮೇಲೆ ಜೇನಿರುವೆ

ಆಸ್ಟ್ರೇಲಿಯಾದಲ್ಲಿ ಪ್ರತಿವರ್ಷ ಮೇ 27ರಿಂದ ಜೂನ್ 3ರವರೆಗೆ ರಾಷ್ಟ್ರೀಯ ಸಾಮರಸ್ಯ ಸಪ್ತಾಹ ನಡೆಯುತ್ತದೆ. ಆ ದಿನಗಳಲ್ಲಿ ಅನೇಕ ಶಾಲೆಗಳ ಮಕ್ಕಳು, ಮೂಲನಿವಾಸಿ ಕಲಾವಿದರು ಹೇಳಿಕೊಟ್ಟಂತೆ ಶಾಲೆಯ ಗೋಡೆಗೆ ಬಣ್ಣ ಹಚ್ಚುತ್ತಾರೆ. ನೋಡಲು ಅಂದವಾಗಿಯೇ ಇರುತ್ತವೆ ಆ ಚಿತ್ರಗಳು. ಆದರೆ ಶಾಲೆಯ ಗೋಡೆಗೂ ಆ ನೆಲದ ಮೊದಲ ಜನರಿಗೂ ಇರುವ ಸಂಬಂಧ ತಿಳಿಯಬೇಕೆಂದರೆ 1971ರ ಪಪುನ್ಯಾಗೆ ಹೋಗಬೇಕು.

ಪಪುನ್ಯಾ ಇರುವುದು ದೇಶದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 240 ಕಿ.ಮೀ. ದೂರದ ಮರುಭೂಮಿಯಲ್ಲಿ. ಅದು ತಾನಾಗಿ ಬೆಳೆದ ಊರಲ್ಲ. 1950ರ ದಶಕದ ಕೊನೆಯಲ್ಲಿ ಸರ್ಕಾರ ಕಟ್ಟಿದ ವಸಾಹತು. ಪಿಂಟುಪಿ, ಲುರಿಚಾ, ವಾಲ್‌ಪಿರಿ, ಅನ್ಮಾಚರ, ಅರೆಂಡ ಎಂಬ ಬೇರೆಬೇರೆ ನುಡಿಯ ಜನರನ್ನು ಅಲ್ಲಿ ಒಂದೆಡೆ ಸೇರಿಸಲಾಯಿತು. ಅವರು ತಮ್ಮ ಬದುಕಿನ ರೀತಿ ಬಿಟ್ಟು ಬಿಳಿಯರ ಸಮಾಜದಲ್ಲಿ ಕರಗಿಹೋಗಬೇಕು ಎಂಬುದೇ ಆಗಿನ ನೀತಿ. ಮರುಭೂಮಿಯ ಒಳಗಿನಿಂದ 1960ರ ದಶಕದಲ್ಲಿ ಬಂದ ಪಿಂಟುಪಿಗಳಲ್ಲಿ ಹಲವರು ಹೊಸ ರೋಗಗಳಿಗೆ ಬಲಿಯಾದರು. ಅಲ್ಬರ್ಟ್ ನಮಾಚಿರ ಎಂಬ ಅರೆಂಡ ಕಲಾವಿದರ ಜಲವರ್ಣ ಚಿತ್ರಗಳನ್ನು ಇಡೀ ದೇಶ ಮೆಚ್ಚಿಕೊಂಡಿತ್ತು. ಬಂಧುವಿಗೆ ಮದ್ಯ ಕೊಟ್ಟ ಅಪರಾಧಕ್ಕೆ ಅವರು ಶಿಕ್ಷೆ ಅನುಭವಿಸಿದ್ದೂ ಇದೇ ಪಪುನ್ಯಾದಲ್ಲಿ. 1959ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಇಂಥ ಊರಿನ ಶಾಲೆಗೆ 1971ರ ಆರಂಭದಲ್ಲಿ ಸಿಡ್ನಿಯ ಜೆಫ್ರಿ ಬಾರ್ಡನ್ ಎಂಬ ಯುವಕ ಚಿತ್ರಕಲಾ ಮೇಷ್ಟ್ರಾಗಿ ಬಂದರು. ತರಗತಿಯಲ್ಲಿ ಮಕ್ಕಳು ಸಿನಿಮಾದ ಕೌಬಾಯ್‌ಗಳನ್ನು ಬರೆಯುತ್ತಿದ್ದರು. ಹೊರಗೆ ಬಂದು ಕೂತರೆ ಅವರೇ ಬೇರೆ: ಕಥೆ ಹೇಳುತ್ತ ಬೆರಳಲ್ಲಿ ಮರಳಿನ ಮೇಲೆ ಸುತ್ತು, ಗೆರೆ, ಚುಕ್ಕೆಗಳನ್ನು ಎಳೆಯುವುದು, ಒರೆಸುವುದು, ಮತ್ತೆ ಎಳೆಯುವುದು. ಅದನ್ನೇ ಕಾಗದದ ಮೇಲೆ ಬರೆಯಿರಿ ಎಂದರು ಮೇಷ್ಟ್ರು. ಆದರೆ ಆ ರೇಖೆಗಳ ಪೂರ್ತಿ ಅರ್ಥ ಹೇಳುವ ಅಧಿಕಾರ ಮಕ್ಕಳಿಗಿರಲಿಲ್ಲ, ಅದು ಹಿರಿಯರದು. ಆ ಹಿರಿಯರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇರಲಿಲ್ಲ. ಲಾಂಗ್ ಜ್ಯಾಕ್ ಫಿಲಿಪಸ್ ಜಕಮಾರ ಮತ್ತು ಬಿಲ್ಲಿ ಸ್ಟಾಕ್‌ಮನ್ ಜಪಲ್ಜಾರಿ ಅದೇ ಶಾಲೆಯ ಆವರಣ ನೋಡಿಕೊಳ್ಳುವ ಕೆಲಸದಲ್ಲಿದ್ದರು. ತಮ್ಮ ಜನರ ನಡುವೆ ಜ್ಞಾನಿಗಳೆನಿಸಿದವರು ಶಾಲೆಯ ಅಂಗಳ ಗುಡಿಸುತ್ತಿದ್ದರು ಎಂಬ ಒಂದೇ ಸಂಗತಿ ಸಾಕು, ಆ ಕಾಲದ ಶಿಕ್ಷಣ ಎಂಥದಿತ್ತು ಎಂದು ತಿಳಿಯಲು.

ಶಾಲೆಯ ಗೋಡೆಗೆ ಚಿತ್ರ ಬರೆಯುವ ಮಾತು ಬಂದಾಗ ಹಿರಿಯರು ತಮ್ಮೊಳಗೆ ಬಹಳ ಚರ್ಚಿಸಿದರು. ಗೋಡೆ ಸರ್ಕಾರದ್ದು, ನಿಜ. ಆದರೆ ಅದರ ಮೇಲೆ ಬರೆಯುವ ಕಥೆಗೆ ಒಡೆಯರಿದ್ದಾರೆ. ಪೂರ್ವಿಕರು ಈ ನೆಲದ ಮೇಲೆ ನಡೆದು ಬೆಟ್ಟ, ನೀರಿನ ತಾಣ, ಕಟ್ಟಳೆಗಳನ್ನು ಉಂಟುಮಾಡಿದ ವೃತ್ತಾಂತವೇ ಜುಕುರ್ಪ. ಒಂದೊಂದು ಜುಕುರ್ಪ ಒಂದೊಂದು ಮನೆತನದ ಹೊಣೆ. ಕಂಡವರು ಕಂಡದ್ದನ್ನು ಬರೆಯುವಂತಿಲ್ಲ. ಪಪುನ್ಯಾ ನಿಂತಿರುವುದು ಜೇನಿರುವೆಯ ಜುಕುರ್ಪಕ್ಕೆ ಸೇರಿದ ನೆಲದಲ್ಲಿ. ಆ ಕಥೆಯ ಒಡೆಯರಾಗಿದ್ದ ಹಿರಿಯ ಟಾಮ್ ಅನಿಯನ್ ಜಪಂಗಾಟಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಕುಂಚ ಗೋಡೆ ಮುಟ್ಟಿತು.

ಜೇನಿರುವೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮಲ್ಗಾ ಎಂಬ ಜಾಲಿ ಜಾತಿಯ ಮರಗಳ ಬುಡದಲ್ಲಿ ಆಳಕ್ಕೆ ಗೂಡು ಮಾಡುವ ಇರುವೆ ಇದು. ಗೂಡಿನ ಕೆಲವು ಇರುವೆಗಳಿಗೆ ಉಳಿದವು ಸಿಹಿರಸ ಉಣಿಸುತ್ತಲೇ ಇರುತ್ತವೆ. ಅವುಗಳ ಹೊಟ್ಟೆ ದ್ರಾಕ್ಷಿಯಷ್ಟು ಉಬ್ಬಿ, ಹೊನ್ನಿನ ಬಣ್ಣಕ್ಕೆ ತಿರುಗಿ, ಓಡಾಡಲಾಗದೆ ಸುರಂಗದ ಚಾವಣಿಗೆ ಜೋತುಬೀಳುತ್ತವೆ. ಬರಗಾಲದಲ್ಲಿ ಗೂಡಿಗೆಲ್ಲ ಅವೇ ಉಗ್ರಾಣ. ಹೆಂಗಸರು ನೆಲ ಅಗೆದು, ಸುರಂಗದ ಜಾಡು ಹಿಡಿದು ಅವನ್ನು ತೆಗೆಯುತ್ತಾರೆ. ಸಿಹಿ ಅಪರೂಪವಾದ ಆ ಸೀಮೆಯಲ್ಲಿ ಇದು ಹಬ್ಬದ ತಿನಿಸು.

ಗೋಡೆಯ ಮುಂದೆ ಮುಖ್ಯ ಕುಂಚ ಹಿಡಿದವರು ಕಾಪಾ ಜಂಪಿಜಿನ್ಪ. ಲಾಂಗ್ ಜ್ಯಾಕ್, ಬಿಲ್ಲಿ ಸ್ಟಾಕ್‌ಮನ್ ಮತ್ತಿತರರು ಜೊತೆಗಿದ್ದರು. ಕಾಪಾ ಮೊದಲು ಇರುವೆಗಳನ್ನು ಬಿಳಿಯರ ಪುಸ್ತಕದಲ್ಲಿ ಇರುವ ಹಾಗೆ, ಕಾಲು ಮೀಸೆ ಸಹಿತ ಬರೆದರಂತೆ. ನಿಮ್ಮವರು ಬರೆಯುವ ಇರುವೆ ಹೀಗೆಯೇ ಇರುತ್ತದೆಯೇ ಎಂದು ಬಾರ್ಡನ್ ಕೇಳಿದರು. ಕಾಪಾ ಹಿರಿಯರೊಡನೆ ಮಾತಾಡಿ ಬಂದು, ಮೊದಲಿನದನ್ನು ಅಳಿಸಿ, ತಮ್ಮವರ ಗುರುತಿನಲ್ಲೇ ಇರುವೆಯನ್ನು ಬರೆದರು. ಒಂದರೊಳಗೊಂದು ಸುತ್ತುಗಳು, ಅವನ್ನು ಕೂಡಿಸುವ ದಾರಿಗಳು, ಅವುಗಳ ಅಕ್ಕಪಕ್ಕ ಇರುವೆಯ ಗುರುತುಗಳು. ಬಿಳಿಯರು ಕಟ್ಟಿದ ಶಾಲೆಯಲ್ಲಿ ಈ ಜನ ತಮ್ಮ ನೆಲದ ಕಥೆಯನ್ನು ತಮ್ಮದೇ ಲಿಪಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದದ್ದು ಸಣ್ಣ ಮಾತಲ್ಲ. ನನ್ನ ದೃಷ್ಟಿಯಲ್ಲಿ ಆ ಶಾಲೆ ಊರಿನದಾದದ್ದು ಅಂದೇ.

ಮುಂದಿನದು ಬೇಗಬೇಗ ನಡೆಯಿತು. ಗಂಡಸರು ಸಿಕ್ಕ ಹಲಗೆ, ತಗಡು, ನೆಲಹಾಸಿನ ಬಿಲ್ಲೆಗಳ ಮೇಲೆಲ್ಲ ಬರೆಯತೊಡಗಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಸ್ಪರ್ಧೆಯೊಂದರ ಬಹುಮಾನದಲ್ಲಿ ಕಾಪಾ ಪಾಲು ಪಡೆದರು. 1972ರಲ್ಲಿ ಕಲಾವಿದರೇ ಮಾಲೀಕರಾದ ‘ಪಪುನ್ಯಾ ತುಲಾ’ ಸಂಸ್ಥೆ ಹುಟ್ಟಿತು. ಆ ವರ್ಷವೇ ಬಾರ್ಡನ್ ಬಳಲಿ ಬೆಂಡಾಗಿ ಊರು ಬಿಟ್ಟರು. ಹೊರಗಿನವರು ನೋಡಬಾರದ ವಿಧಿಗಳ ಗುರುತುಗಳು ಮೊದಲ ಹಲಗೆಗಳಲ್ಲಿ ಬಂದಿದ್ದವೆಂದು ಮರುಭೂಮಿಯ ಇತರ ಜನ ಸಿಟ್ಟಾದರು. ಕಲಾವಿದರು ಆ ಗುರುತುಗಳನ್ನು ಕೈಬಿಡುತ್ತ, ಚುಕ್ಕೆಗಳಿಂದ ಮರೆಮಾಡುತ್ತ ಹೋದರು. ಜಗತ್ತು ಇಂದು ಆಸ್ಟ್ರೇಲಿಯಾದ ಚುಕ್ಕೆ ಚಿತ್ರವೆಂದು ಕೊಂಡಾಡುವ ಶೈಲಿಯ ಹಿಂದೆ ಮರ್ಯಾದೆ ಕಾಯುವ ಈ ಕಾಳಜಿಯೂ ಇದೆ.

ಆ ಗೋಡೆ ಏನಾಯಿತು? 1974ರಲ್ಲಿ ಕಟ್ಟಡದ ದುರಸ್ತಿಗೆಂದು ಬಂದವರು ಅದರ ಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟರು. ಬರೆಯುವ ಮುಂಚೆ ಅಷ್ಟೊಂದು ಜನರ ಒಪ್ಪಿಗೆ ಬೇಕಾಗಿತ್ತು. ಅಳಿಸುವಾಗ ಯಾರನ್ನೂ ಕೇಳಬೇಕೆನಿಸಲಿಲ್ಲ. ಒಂದು ದೊಡ್ಡ ಕಲಾ ಚಳವಳಿಯ ಮೊದಲ ಹೆಜ್ಜೆ ಇಂದು ಕೆಲವು ಫೋಟೊಗಳಲ್ಲಿ ಮಾತ್ರ ಉಳಿದಿದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಆಮೇಲೆ ಗೌರವಗಳೇನೋ ಬಂದವು. ಪಪುನ್ಯಾದ ಮೈಕೇಲ್ ನೆಲ್ಸನ್ ಜಗಮಾರ ಅವರ ವಿನ್ಯಾಸವನ್ನು 1988ರಲ್ಲಿ ಕ್ಯಾನ್‌ಬೆರಾದ ಹೊಸ ಸಂಸತ್ ಭವನದ ಮುಂದೆ ಕಲ್ಲಿನ ತುಣುಕುಗಳಲ್ಲಿ ಹಾಸಿದರು. ಮೂಲನಿವಾಸಿಗಳ ಭೂಮಿ ಹಕ್ಕಿನ ವಿಷಯದಲ್ಲಿ ಸರ್ಕಾರ ನಡೆದುಕೊಂಡ ರೀತಿಯನ್ನು ಪ್ರತಿಭಟಿಸಿ 1993ರಲ್ಲಿ ಅವರೇ ಅಲ್ಲಿಂದ ಒಂದು ಕಲ್ಲನ್ನು ಕಿತ್ತು ತೆಗೆದರು. ಪಪುನ್ಯಾದ ಇನ್ನೊಬ್ಬ ಕಲಾವಿದ ಕ್ಲಿಫರ್ಡ್ ಪೋಸಮ್ ಜಪಲ್ಜಾರಿ 1977ರಲ್ಲಿ ಬರೆದ ‘ವಾರ್ಲುಗುಲಾಂಗ್’ ಚಿತ್ರ 2007ರಲ್ಲಿ 24 ಲಕ್ಷ ಡಾಲರ್‌ಗೆ ಹರಾಜಾಯಿತು. ಅವರು 2002ರಲ್ಲೇ ತೀರಿಹೋಗಿದ್ದರು. ಮರುಮಾರಾಟದ ಹಣದಲ್ಲಿ ಶೇ 5ರಷ್ಟನ್ನು ಕಲಾವಿದರಿಗೆ ಅಥವಾ ವಾರಸುದಾರರಿಗೆ ಕೊಡುವ ಕಾನೂನು ಜಾರಿಗೆ ಬಂದದ್ದು 2010ರಲ್ಲಿ. 2008ರಲ್ಲಿ ಪ್ರಧಾನಿ ಕೆವಿನ್ ರಡ್, ಹೆತ್ತವರಿಂದ ಕಸಿದುಕೊಂಡ ಮೂಲನಿವಾಸಿ ಮಕ್ಕಳ ವಿಷಯಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೂಲನಿವಾಸಿಗಳ ದನಿಗೆ ಸಂವಿಧಾನದಲ್ಲಿ ಜಾಗ ಕೊಡುವ ಪ್ರಸ್ತಾಪವನ್ನು 2023ರ ಜನಮತಗಣನೆಯಲ್ಲಿ ದೇಶ ತಿರಸ್ಕರಿಸಿತು. ಸಾಮರಸ್ಯದ ಹಾದಿ ಅಲ್ಲಿ ಈಗಲೂ ಇಷ್ಟು ಏರಿಳಿತದ್ದು.

ಆದರೂ ಬದಲಾದದ್ದಿದೆ. 2017ರಲ್ಲಿ ಡಾರ್ವಿನ್‌ನ ವಸ್ತುಸಂಗ್ರಹಾಲಯ ಪಪುನ್ಯಾದ ಮೊದಲ ಹಲಗೆಗಳ ಪ್ರದರ್ಶನ ಏರ್ಪಡಿಸಿದಾಗ, ಯಾವುದನ್ನು ತೋರಿಸಬಹುದು, ಯಾವುದನ್ನು ಕೂಡದು ಎಂದು ತೀರ್ಮಾನಿಸಿದವರು ಆ ಸಮುದಾಯದ ಹಿರಿಯರು. ಲಾಂಗ್ ಜ್ಯಾಕ್ ಅವರಲ್ಲಿ ಒಬ್ಬರು. ಪಪುನ್ಯಾ ಶಾಲೆ ತನ್ನ ನೆಲದ ಮತ್ತು ಜನರ ಚರಿತ್ರೆಯನ್ನು ಹಿರಿಯರು, ಮಕ್ಕಳ ಮಾತು ಚಿತ್ರಗಳಲ್ಲಿ ಹೇಳುವ ಪುಸ್ತಕವನ್ನು 2001ರಲ್ಲೇ ಹೊರತಂದಿತ್ತು. ಊರಿಗೆ ತನ್ನದೇ ಕಲಾಕೇಂದ್ರ, ‘ಪಪುನ್ಯಾ ಜುಪಿ’, ಬಂದದ್ದು 2007ರಲ್ಲಿ. ಗೋಡೆಯ ಕಾಲದಲ್ಲಿ ಕುಂಚವೆಲ್ಲ ಗಂಡಸರ ಕೈಯಲ್ಲಿತ್ತು. ಇಲ್ಲಿ ಕೂತು ಬರೆಯುವವರಲ್ಲಿ ಹೆಂಗಸರೇ ಹೆಚ್ಚು.